ಎಡಗೈ ಎತ್ತಿದವರು

ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ನಮ್ಮ ಬಿ.ಎಡ್. ಕಾಲೇಜಿನವರು ಎರಡನೇ ವರ್ಷದ ನಮ್ಮನ್ನೆಲ್ಲ ಶಾಲೆಗಳಿಗೆ ಕಳಿಸಿದರು. ಕೆಲವು ತಿಂಗಳು ಯಾವುದಾದರೂ ಒಂದು ಪ್ರೌಢಶಾಲೆಯಲ್ಲಿದ್ದು ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಅದಕ್ಕೆ ಇಂಟರ್ನ್‌ಶಿಪ್ ಅಂತ ಹೆಸರು. ಕಾಲೇಜು ಇರುವುದು ಸಾಗರದಲ್ಲಿ, ನನಗೆ ಬಿದ್ದದ್ದು ಹೊಸನಗರ ತಾಲೂಕಿನ ಒಳಗಡೆಯ ಒಂದು ಸರ್ಕಾರಿ ಶಾಲೆ. ಆ ಶಾಲೆಗೆ ಮೂವರನ್ನು ಹಾಕಿದ್ದರು. ಉಳಿದಿಬ್ಬರು ಅವರಿವರ ಕೈಕಾಲು ಹಿಡಿದು ಸಾಗರ ಪೇಟೆಯ ಶಾಲೆಗೇ ಬದಲಾಯಿಸಿಕೊಂಡರು. ನನಗೆ ಹಿಡಿಯಲು ಯಾರ ಕೈಕಾಲೂ ಇರಲಿಲ್ಲ. ಒಂದು ಬ್ಯಾಗು, ಒಂದು ಸಣ್ಣ ಕುಕ್ಕರು, ಸುರುಳಿ ಸುತ್ತಿದ ಚಾರ್ಟುಗಳನ್ನು ಹಿಡಿದುಕೊಂಡು ಒಬ್ಬಳೇ ಬಸ್ಸಿಳಿದೆ.

ನಾನು ಟೀಚರ್ ಆಗಲು ಯಾಕೆ ಹೊರಟೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆ ತೀರ್ಥಹಳ್ಳಿ ತಾಲೂಕಿನ ಅರಳಸುರಳಿ ಕಡೆ. ನಾನು ಚಿಕ್ಕವಳಿದ್ದಾಗಲೇ ಅಮ್ಮ ತೀರಿಕೊಂಡಳು. ಅಪ್ಪ ಖಾಸಗಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ನಾನು ಏಳುವ ಮುಂಚೆ ಹೋಗಿರುತ್ತಿದ್ದರು. ದಿನವಿಡೀ ಊರುಗಳ ಹೆಸರು ಕೂಗಿ ಕೂಗಿ ಮನೆಗೆ ಬಂದ ಮೇಲೆ ಅವರಿಗೆ ಮಾತೇ ಬೇಡವಾಗಿರುತ್ತಿತ್ತು. ನನ್ನನ್ನು ಸಾಕಿದ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬಿಟ್ಟುಹೋಗಿತ್ತು. ಊಟಕ್ಕೆ ಕರೆಯಬೇಕಾದರೆ ತಟ್ಟೆ ಬಡಿಯುತ್ತಿದ್ದಳು, ಹತ್ತಿರ ಕರೆಯಬೇಕಾದರೆ ಕೈ ಬೀಸುತ್ತಿದ್ದಳು. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಆದರೆ ಆ ಮನೆಯಲ್ಲಿ ನನ್ನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಶಾಲೆಯಲ್ಲಿ ಮಾತ್ರ ಬರುತ್ತಿತ್ತು. ಹಾಜರಿ ತೆಗೆದುಕೊಳ್ಳುವಾಗ ಟೀಚರ್ "ಶ್ರೀಲತಾ" ಅಂತ ಪೂರ್ತಿಯಾಗಿ, ನಿಧಾನವಾಗಿ ಕರೆಯುತ್ತಿದ್ದರು. ನಾನು ಎದ್ದು ನಿಂತು "ಹಾಜರ್ ಟೀಚರ್" ಅನ್ನುತ್ತಿದ್ದೆ. ಅವರು ತಲೆ ಎತ್ತಿ ಒಂದು ಸಲ ನನ್ನ ಮುಖ ನೋಡುತ್ತಿದ್ದರು. ಅಷ್ಟೇ. ಅಷ್ಟಕ್ಕೋಸ್ಕರ ನಾನು ಜ್ವರ ಬಂದರೂ ಶಾಲೆ ತಪ್ಪಿಸುತ್ತಿರಲಿಲ್ಲ. ಬೇಸಿಗೆ ರಜೆ ಅಂದರೆ ಉಳಿದ ಮಕ್ಕಳು ಕುಣಿಯುತ್ತಿದ್ದರು, ನಾನು ಶಾಲೆ ತೆರೆಯಲು ಎಷ್ಟು ದಿನ ಅಂತ ಎಣಿಸುತ್ತಿದ್ದೆ.

ಬಿ.ಎಡ್. ಮೊದಲ ವರ್ಷ ನಮ್ಮ ವಿಜ್ಞಾನ ಬೋಧನೆಯ ಭಾಸ್ಕರ ಸರ್ ಒಬ್ಬೊಬ್ಬರನ್ನೇ ಎಬ್ಬಿಸಿ "ನೀವು ಯಾಕೆ ಟೀಚರ್ ಆಗ್ಬೇಕು?" ಅಂತ ಕೇಳಿದ್ದರು. ಒಬ್ಬಳು ದೇಶಸೇವೆ ಅಂದಳು. ಒಬ್ಬ ಸಮಾಜದ ಋಣ ಅಂದ. ಹಿಂದಿನಿಂದ ಯಾರೋ "ಶನಿವಾರ ಅರ್ಧ ದಿನ ಸರ್" ಅಂದದ್ದಕ್ಕೆ ಎಲ್ಲ ನಕ್ಕರು. ನನ್ನ ಸರದಿ ಬಂದಾಗ ನಿಜ ಹೇಳಲು ಬಾಯಿ ಬರಲಿಲ್ಲ. ಒಂದು ಕೋಣೆ ತುಂಬ ಮಕ್ಕಳ ಹೆಸರು ಕರೆಯಬೇಕು, ಅವರು ನನ್ನನ್ನು ಕಾಯುತ್ತಿರಬೇಕು ಅಂತ ಆಸೆ ಅಂದರೆ ಯಾರು ಕೇಳುತ್ತಾರೆ? "ಮಕ್ಕಳು ಅಂದ್ರೆ ಇಷ್ಟ ಸರ್" ಅಂದೆ. ಅವರು "ಹ್ಞೂಂ, ಕೂತ್ಕೊಳ್ಳಿ" ಅಂದರು.

ಇಷ್ಟು ಆಸೆ ಕಟ್ಟಿಕೊಂಡು ಹೋದವಳಿಗೆ ಆ ಶಾಲೆಯಲ್ಲಿ ಮೊದಲ ದಿನವೇ ಒಂದು ವಿಷಯ ತಿಳಿಯಿತು. ಅಲ್ಲಿ ನನಗೆ ಆಗಲೇ ಹೆಸರಿಟ್ಟಾಗಿತ್ತು. ಬಿಎಡ್ ಮಿಸ್. ನನಗಿಂತ ಹಿಂದಿನ ವರ್ಷ ಬಂದವಳೂ ಬಿಎಡ್ ಮಿಸ್, ಅದರ ಹಿಂದಿನವಳೂ ಬಿಎಡ್ ಮಿಸ್. ನಾನು ಕರಿಹಲಗೆಯ ಮೇಲೆ ನನ್ನ ಹೆಸರು ಬರೆದೆ. ಮಕ್ಕಳು ನೋಡಿದರು, "ಹೌದಾ ಮಿಸ್" ಅಂದರು, ಮಾರನೇ ದಿನ ಮತ್ತೆ "ಗುಡ್ ಮಾರ್ನಿಂಗ್ ಬಿಎಡ್ ಮಿಸ್". ಬಾಡಿಗೆ ಕೋಣೆ ಕೊಟ್ಟ ಟೈಲರ್ ಹೆಂಗಸು ಕೂಡ ಅಷ್ಟೇ. "ಬಿಎಡ್‌ನವರೆ, ನೀರು ಬಂದದೆ, ತುಂಬ್ಸಿಕೊಳ್ಳಿ" ಅನ್ನುತ್ತಿದ್ದರು.

ಶಾಲೆಯವರು ಕೆಟ್ಟವರಲ್ಲ. ವಿಜ್ಞಾನದ ನಾಗರತ್ನ ಮೇಡಂ ಒಂಬತ್ತನೇ ತರಗತಿಯನ್ನು ನನಗೆ ಒಪ್ಪಿಸಿ, "ಚೆನ್ನಾಗಿ ಮಾಡಿ, ಹೆದರ್ಬೇಡಿ" ಅಂದು ಕಂಪ್ಯೂಟರ್ ಮುಂದೆ ಕೂತುಬಿಟ್ಟರು. ಪಾಪ, ಮಧ್ಯಾಹ್ನದ ಊಟದ ಲೆಕ್ಕದಿಂದ ಹಿಡಿದು ಎಲ್ಲವನ್ನೂ ಅವರೇ ಅಪ್‌ಲೋಡ್ ಮಾಡಬೇಕಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅವರವರ ಕುರ್ಚಿ ಇತ್ತು. ನಾನು ಕೂತ ಕುರ್ಚಿಯ ಯಜಮಾನರು ಬಂದಾಗಲೆಲ್ಲ ಏಳಬೇಕಾಗುತ್ತಿತ್ತು. ಎರಡು ಮೂರು ಸಲ ಹಾಗಾದ ಮೇಲೆ ಬುತ್ತಿ ತೆಗೆದುಕೊಂಡು ಲ್ಯಾಬಿಗೆ ಹೋಗತೊಡಗಿದೆ. ಅಲ್ಲಿ ಧೂಳು ಹಿಡಿದ ಗಾಜಿನ ಬಾಟಲಿಗಳ ಮುಂದೆ ಕೂತು ಉಂಡು, ಅಲ್ಲಿಯ ನಲ್ಲಿಯಲ್ಲೇ ಡಬ್ಬಿ ತೊಳೆದುಕೊಂಡು ಬರುತ್ತಿದ್ದೆ.

ಪಾಠವೂ ಹಾಗೇ ಇತ್ತು. ನಾನು ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿತ್ತು. ಚಾರ್ಟು ತೂಗುಹಾಕಿದರೆ ನೋಡುತ್ತಿದ್ದರು. ಗಂಟೆ ಹೊಡೆದರೆ ಎದ್ದು "ಥ್ಯಾಂಕ್ಯೂ ಮಿಸ್" ಅನ್ನುತ್ತಿದ್ದರು. ಯಾರೂ ಗಲಾಟೆ ಮಾಡುತ್ತಿರಲಿಲ್ಲ, ಯಾರೂ ನನ್ನ ಹಿಂದೆ ಬರುತ್ತಲೂ ಇರಲಿಲ್ಲ. ನಾನು ಹೇಗೂ ಹೋಗುವವಳು ಅಂತ ಅವರಿಗೆ ಗೊತ್ತಿತ್ತು. ಹಾಜರಿ ಕರೆಯಲು ಎಷ್ಟು ಆಸೆ ಇತ್ತೋ ಅದೂ ಸಪ್ಪೆಯಾಯಿತು. ನಾನು ಹೆಸರು ಕರೆದು ತಲೆ ಎತ್ತುವಷ್ಟರಲ್ಲಿ ಅವರು "ಯಸ್ ಮಿಸ್" ಅಂದು ಕೂತಾಗಿರುತ್ತಿತ್ತು.

ಆ ದಿನಗಳಲ್ಲಿ ಒಂದು ಸಂಜೆ ಅಪ್ಪ ಫೋನ್ ಮಾಡಿದರು. ತೀರ್ಥಹಳ್ಳಿಯಲ್ಲಿ ಅವರ ಪರಿಚಯದ ಒಂದು ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ಖಾಲಿ ಇದೆಯಂತೆ. "ಆಗೂದಿಲ್ಲ ಅಂತ ಕಂಡ್ರೆ ಬಂದ್ಬಿಡು. ಮನೆಯಿಂದ್ಲೇ ಹೋಗಿ ಬರ್ಬೋದು" ಅಂದರು. ನಾನು ಏನನ್ನೂ ಹೇಳಿಕೊಂಡಿರಲಿಲ್ಲ. ನನ್ನ ದನಿಯಲ್ಲೇ ಗೊತ್ತಾಗಿರಬೇಕು. ಮುಂದಿನ ವಾರ ಭಾಸ್ಕರ ಸರ್ ಪಾಠ ವೀಕ್ಷಣೆಗೆ, ಅಂದರೆ ನನ್ನ ಪಾಠ ನೋಡಿ ಅಂಕ ಹಾಕಲು, ಬರುವವರಿದ್ದರು. ಅದೊಂದು ಮುಗಿಯಲಿ, ಅವತ್ತೂ ಹೀಗೇ ಆದರೆ ಬಿಟ್ಟುಬಿಡುತ್ತೇನೆ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಅಪ್ಪನಿಗೆ "ನೋಡ್ತೀನಿ" ಅಂದೆ.

ವೀಕ್ಷಣೆಯ ವಿಷಯ ತರಗತಿಯಲ್ಲಿ ಹೇಳಿದಾಗ ಮಕ್ಕಳಿಗೆ ನನಗಿಂತ ಹೆಚ್ಚು ಅನುಭವ ಇರುವುದು ಕಂಡಿತು. ಮುಂದಿನ ಬೆಂಚಿನ ರಕ್ಷಿತಾ ಅನ್ನುವ ಮಾತಿನಮಲ್ಲಿ ಎದ್ದು ನಿಂತು, "ಮಿಸ್, ಎಂತ ಹೆದರ್ಬೇಡಿ. ನೀವು ಪ್ರಶ್ನೆ ಕೇಳಿದಾಗ ನಾವು ಎಲ್ರೂ ಕೈ ಎತ್ತುತೀವಿ. ಗೊತ್ತಿದ್ದೋರು ಬಲಗೈ, ಗೊತ್ತಿಲ್ದೋರು ಎಡಗೈ. ನೀವು ಬಲಗೈ ಎತ್ತಿದೋರನ್ನ ಮಾತ್ರ ಕೇಳಿ. ನೋಡೋರಿಗೆ ಇಡೀ ಕ್ಲಾಸಿಗೇ ಬತ್ತದೆ ಅಂತ ಕಾಣ್ತದೆ" ಅಂದಳು.

"ಯಾರು ಹೇಳಿಕೊಟ್ಟಿದ್ದು?" ಅಂದೆ.

"ಹೋದ ವರ್ಷದ ಬಿಎಡ್ ಮಿಸ್. ಅವ್ರಿಗೆ ಫುಲ್ ಮಾರ್ಕ್ಸ್ ಬಂತಂತೆ."

ನನಗೆ ನಗು ಬಂತು, ಹಿಂದೆಯೇ ಬೇಜಾರೂ ಆಯಿತು. ಬೇಡ ಅನ್ನಬೇಕಿತ್ತೋ ಏನೋ. ಆದರೆ ಆ ಶಾಲೆಗೆ ಬಂದ ಮೇಲೆ ಮೊದಲ ಸಲ ಮಕ್ಕಳು ತಾವಾಗಿ ನನಗೋಸ್ಕರ ಏನೋ ಮಾಡಲು ಹೊರಟಿದ್ದರು. "ಆಯ್ತು" ಅಂದೆ.

ಭಾಸ್ಕರ ಸರ್ ಬಂದ ದಿನ ನನ್ನ ಪಾಠ ಜಡತ್ವ. ನಿಂತ ವಸ್ತು ನಿಂತೇ ಇರಲು, ಚಲಿಸುವ ವಸ್ತು ಚಲಿಸುತ್ತಲೇ ಇರಲು ನೋಡುತ್ತದೆ ಅನ್ನುವ ಪಾಠ. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ, ಎಲ್ಲ ಜೋಡಿಸಿಟ್ಟಿದ್ದೆ. ಸರ್ ಹಿಂದಿನ ಬೆಂಚಿನಲ್ಲಿ ಕೂತು ಪೆನ್ನು ತೆಗೆದರು. ತರಗತಿಗೆ ಬರುವ ಮೊದಲೇ ಒಂದು ಮಾತು ಹೇಳಿದ್ದರು: "ಮುಂದಿನ ಬೆಂಚಿನವರನ್ನೇ ಕೇಳ್ತಾ ಇರ್ಬೇಡಿ. ಹಿಂದಿನವರಿಗೂ ಹೋಗಲಿ."

ಮೊದಲ ಪ್ರಶ್ನೆ ಕೇಳಿದೆ. ಎಲ್ಲರ ಕೈಯೂ ಮೇಲೆ ಹೋಯಿತು. ನೋಡಲು ನಿಜಕ್ಕೂ ಚೆನ್ನಾಗಿತ್ತು. ಮಧ್ಯದ ಬೆಂಚಿನ ಪ್ರಜ್ವಲ್‌ನನ್ನು ಕರೆದೆ. ಅವನು ಎದ್ದು ಮಾಡಿನ ಹೆಂಚು ನೋಡಿದ, ತಲೆ ಕೆರೆದುಕೊಂಡ, ನನ್ನನ್ನು ವಿಚಿತ್ರವಾಗಿ ನೋಡಿದ. ಹೆದರಿದನೇನೋ ಅಂದುಕೊಂಡು "ಕೂತ್ಕೋ" ಅಂದೆ. ಇನ್ನೊಬ್ಬ ಹುಡುಗಿಯನ್ನು ಎಬ್ಬಿಸಿದೆ. ಅವಳು ತಾನು ಎತ್ತಿದ್ದ ಕೈಯನ್ನೇ ಒಮ್ಮೆ ನೋಡಿಕೊಂಡು ಸುಮ್ಮನೆ ನಿಂತಳು. ರಕ್ಷಿತಾ ಮುಂದಿನ ಬೆಂಚಿನಿಂದ ಕಣ್ಣಲ್ಲೇ ಏನೋ ಹೇಳುತ್ತಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಯ ಬೆಂಚಿನಲ್ಲಿ, ಸರ್ ಪಕ್ಕದಲ್ಲೇ ಕೂತಿದ್ದ ಸುಮಿತ್ರಾಳನ್ನು ಕರೆದೆ.

ಸುಮಿತ್ರಾ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಹಾಜರಿಗೆ ಕೂಡ ಅವಳ ದನಿ ಸರಿಯಾಗಿ ಬರುತ್ತಿರಲಿಲ್ಲ. ಅವಳು ಎದ್ದಳು. ಎಲ್ಲರೂ ತಿರುಗಿ ನೋಡಿದರು.

"ಮಿಸ್, ನಾನು ಎಡಗೈ ಎತ್ತಿದ್ದು" ಅಂದಳು.

ಆಗ ನನಗೆ ಹೊಳೆಯಿತು. ನಾನು ಮಕ್ಕಳ ಎದುರು ನಿಂತವಳು. ಅವರ ಬಲಗೈ ನನಗೆ ಎಡಗಡೆ, ಅವರ ಎಡಗೈ ನನಗೆ ಬಲಗಡೆ. ಗಾಬರಿಯಲ್ಲಿ ನನ್ನ ಬಲಗಡೆಗೆ ಕಂಡ ಕೈಗಳನ್ನೇ ಹುಡುಕಿ ಹುಡುಕಿ, ಗೊತ್ತಿಲ್ಲದವರನ್ನೇ ಒಬ್ಬೊಬ್ಬರಾಗಿ ಎಬ್ಬಿಸಿದ್ದೆ.

ಸರ್ ಬರೆಯುವುದು ನಿಲ್ಲಿಸಿದರು. "ಎಡಗೈ ಎತ್ತಿದ್ರೆ ಏನಮ್ಮ?" ಅಂತ ಸುಮಿತ್ರಾಳನ್ನು ಕೇಳಿದರು.

"ಗೊತ್ತಿಲ್ಲ ಅಂತ ಸರ್."

ರಕ್ಷಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಧ್ಯಾಹ್ನದ ತೀರ್ಥಹಳ್ಳಿ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದೇ ನನ್ನ ತಲೆಯಲ್ಲಿ ಓಡುತ್ತಿತ್ತು, ನಾಚಿಕೆಪಡಲೂ ಪುರುಸೊತ್ತಿರಲಿಲ್ಲ. ಸುಮಿತ್ರಾಳಿಗೆ ಕೂತ್ಕೋ ಅನ್ನಲು ಬಾಯಿ ತೆರೆದೆ. ಅವಳು ಬೆಂಚು ಹಿಡಿದುಕೊಂಡು ನಿಂತೇ ಇದ್ದಳು. ತಲೆ ಬಗ್ಗಿಸಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಕರೆದಿದ್ದೀರಿ, ಈಗ ಮುಂದೇನು ಅಂತ ಕಾಯುತ್ತಿರುವಂತೆ ಕಂಡಿತು. ಎಷ್ಟೋ ವರ್ಷದ ಹಿಂದೆ ಹಾಜರಿಗೆ ಎದ್ದು ನಿಂತ ನಾನೂ ಟೀಚರ ಮುಖವನ್ನು ಹೀಗೇ ನೋಡುತ್ತಿದ್ದೆನೋ ಏನೋ. ಕೂತ್ಕೋ ಅನ್ನಲಾಗಲಿಲ್ಲ.

"ಸುಮಿತ್ರಾ, ನೀನು ಶಾಲೆಗೆ ಹೆಂಗೆ ಬರ್ತೀಯ?" ಅಂತ ಕೇಳಿದೆ.

"ಬಸ್ಸಲ್ಲಿ ಮಿಸ್."

"ಸೀಟು ಸಿಗ್ತದಾ?"

"ಇಲ್ಲ. ನಿಂತ್ಕೊಂಡೇ ಬರೂದು."

"ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ್ರೆ ಎಂತ ಆಗ್ತದೆ?"

"ಮುಂದೆ ಬೀಳ್ತೀವಿ."

"ಯಾಕೆ? ನಿನ್ನನ್ನ ಯಾರಾದ್ರೂ ದೂಡಿದ್ರಾ?"

ಅವಳು ಸುಮ್ಮನಾದಳು. ನಾನೂ ಸುಮ್ಮನಾದೆ. ಪಾಠ ಯೋಜನೆಯಲ್ಲಿ ಈ ಸುಮ್ಮನಿರುವುದಕ್ಕೆ ಜಾಗವಿಲ್ಲ. ಉತ್ತರ ಬಾರದಿದ್ದರೆ ಪಕ್ಕದವರನ್ನು ಕೇಳಿ ಮುಂದೆ ಹೋಗಬೇಕು. ನಾನು ಹೋಗಲಿಲ್ಲ. ಅವಳನ್ನು ಬೆಂಚುಗಳ ನಡುವಿನ ಜಾಗಕ್ಕೆ ಕರೆದು, ಬಸ್ಸಿನಲ್ಲಿ ನಿಂತ ಹಾಗೆ ನಿಲ್ಲು ಅಂದೆ. ನಮ್ಮಪ್ಪ ಕಂಡಕ್ಟರ್, ಘಾಟಿಯಲ್ಲೂ ಏನನ್ನೂ ಹಿಡಿಯದೆ ಟಿಕೆಟ್ ಹರಿಯುತ್ತಾರೆ, ಬ್ರೇಕ್ ಬೀಳುವ ಮೊದಲೇ ಕಾಲು ಅಗಲಿಸಿರುತ್ತಾರೆ ಅಂತ ನಾನೇ ನಿಂತು ತೋರಿಸಿದೆ. ಮಕ್ಕಳು ನಕ್ಕರು. ನಾನು ಯಾರ ಮಗಳು ಅಂತ ಅವರಿಗೆ ಗೊತ್ತಾದದ್ದೂ ಆಗಲೇ. ಸುಮಿತ್ರಾ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತಳು. ಮನಸ್ಸಿನಲ್ಲೇ ಬಸ್ಸು ಹತ್ತಿದ್ದಿರಬೇಕು.

"ಬಸ್ಸು ನಿಂತದ್ದು ಕಾಲಿಗೆ ಗೊತ್ತಾಗ್ತದೆ ಮಿಸ್. ಮೈಗೆ ಇನ್ನೂ ಗೊತ್ತಾಗಿರೂದಿಲ್ಲ. ಅದು ಹೋಗ್ತಾನೇ ಇರ್ತದೆ" ಅಂದಳು.

ಜಡತ್ವವನ್ನು ನಾನು ಎಷ್ಟೋ ಪುಸ್ತಕಗಳಲ್ಲಿ ಓದಿದ್ದೆ. ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಿಲ್ಲ. ಅದನ್ನೇ ಕರಿಹಲಗೆಯ ಮೇಲೆ ಬರೆದೆ. ನಾನು ಕರೆಯದೆಯೇ ಪ್ರಜ್ವಲ್ ಎದ್ದು ನಿಂತು, "ಮಿಸ್, ಹಂಗಾದ್ರೆ ಬಸ್ಸು ಹೊರಡುವಾಗ ಹಿಂದೆ ಬೀಳೂದು?" ಅಂದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಲೋಟ, ರಟ್ಟು, ನಾಣ್ಯ ಇಟ್ಟಲ್ಲೇ ಇದ್ದವು.

ಭಾಸ್ಕರ ಸರ್ ಹೊರಗೆ ಬಂದು, "ಯೋಜನೆ ಪ್ರಕಾರ ಅರ್ಧ ಪಾಠವೂ ಆಗಿಲ್ಲ. ಉಪಕರಣ ಮುಟ್ಟಲಿಲ್ಲ. ಅಂಕ ಕಡಿಮೆ ಬರ್ತದೆ" ಅಂದರು. ಕೈ ಎತ್ತುವ ನಾಟಕಕ್ಕೆ ಬೈದರು. ಬೈಯಬೇಕಾದ್ದೇ. ನಾನು ತಲೆ ತಗ್ಗಿಸಿ ನಿಂತಿದ್ದೆ. ಗೇಟಿನ ತನಕ ಹೋಗಿ ತಿರುಗಿ ನಿಂತರು. "ಮೊದಲ ವರ್ಷ ಯಾಕೆ ಟೀಚರ್ ಆಗ್ತೀರಿ ಅಂತ ಕೇಳಿದ್ದೆ. ಮಕ್ಕಳು ಅಂದ್ರೆ ಇಷ್ಟ ಅಂದಿದ್ರಿ. ನಾನು ನಂಬಿರಲಿಲ್ಲ." ಇಷ್ಟು ಹೇಳಿ ಸ್ಕೂಟರ್ ಹತ್ತಿದರು. ಈಗ ನಂಬಿದರೋ ಇಲ್ಲವೋ ಹೇಳಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ಸುಮಿತ್ರಾ ನಿಂತಿದ್ದಳು. ನಾನು ಕೋಣೆಗೆ ಹೋಗಲು ಅದೇ ದಾರಿ. "ಮಿಸ್, ಬೈತೀರಾ?" ಅಂದಳು.

"ಎಂತಕ್ಕೆ?"

"ಎಲ್ಲ ಹೇಳ್ಬಿಟ್ಟೆ ಅಲ್ದಾ. ರಕ್ಷಿತಾ ಮಾತು ಬಿಟ್ಟಿದಾಳೆ."

"ಯಾಕೆ ಹೇಳಿದೆ ಹಂಗಾದ್ರೆ?"

ಅವಳು ಬ್ಯಾಗಿನ ಪಟ್ಟಿ ತಿರುಚುತ್ತ ನಿಂತಳು. "ನೀವು ಹೆಸರು ಕರೆದ್ರಿ. ಎಡಗೈ ಎತ್ತಿದ್ರೆ ಯಾರೂ ಕರೆಯೂದಿಲ್ಲ ಮಿಸ್. ಹೋದ ವರ್ಷದಿಂದ ನಾನು ಎಡಗೈಯೇ ಎತ್ತೂದು. ಮೊದ್ಲು ಆರಾಮ ಅನ್ನಿಸ್ತಿತ್ತು. ಆಮೇಲಾಮೇಲೆ ಬೇಜಾರು ಬಂತು. ಇವತ್ತು ಕರೆದ್ರಲ್ಲ, ಎಂತ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ."

ತಪ್ಪಿ ಕರೆದದ್ದು ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಅವಳಿಗೂ ಅದು ಗೊತ್ತೇ ಇತ್ತು. ಬಸ್ಸು ಬರುವುದು ಕಂಡಾಗ ಅವಳು, "ನಿಮ್ಮ ಹೆಸರು ಎಂತ ಮಿಸ್? ಬೋರ್ಡಿನ ಮೇಲೆ ಬರೆದಿದ್ರಿ, ಮರ್ತೋಯ್ತು" ಅಂದಳು. ಹೇಳಿದೆ. ಹತ್ತುವಾಗ ಅದನ್ನು ಒಮ್ಮೆ ಬಾಯೊಳಗೇ ಹೇಳಿಕೊಂಡಳು. ಸೀಟಿರಲಿಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ನನ್ನ ಕಡೆ ನೋಡಿ, ಬೇಕೆಂದೇ ಹಿಂದಕ್ಕೆ ವಾಲಿ ತೋರಿಸಿದಳು.

ಅವತ್ತೇ ಅಪ್ಪನಿಗೆ ಫೋನ್ ಮಾಡಿ ಸೊಸೈಟಿ ಕೆಲಸ ಬೇಡ ಅಂದೆ. "ಆಯ್ತು" ಅಂದರು. "ಊಟ ಮಾಡು" ಅಂದು ಇಟ್ಟರು.

ಆಮೇಲೆ ಎಲ್ಲ ಬದಲಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬುತ್ತಿ ಲ್ಯಾಬಿನಲ್ಲೇ ಉಣ್ಣುತ್ತಿದ್ದೆ. ಟೈಲರ್ ಅಕ್ಕನಿಗೆ ಕೊನೆಯ ತನಕ ನಾನು ಬಿಎಡ್‌ನವಳೇ. ಸಂಜೆ ಕೋಣೆಯ ಬಾಗಿಲು ಹಾಕಿಕೊಂಡರೆ ಪಕ್ಕದ ಹೊಲಿಗೆ ಮೆಷಿನ್ನಿನ ಸದ್ದೊಂದೇ ಜೊತೆ. ರಕ್ಷಿತಾ ಸುಮಿತ್ರಾಳ ಜೊತೆ ಮಾತಾಡಲು ಒಂದು ವಾರ ಹಿಡಿಯಿತು. ಬದಲಾದದ್ದು ಒಂದೇ. ಕೈ ಎತ್ತುವ ನಿಯಮವನ್ನು ನಾನು ಇಟ್ಟುಕೊಂಡೆ, ತಿರುಗಿಸಿ ಇಟ್ಟುಕೊಂಡೆ. ಎಡಗೈ ಎತ್ತಿದವರೇ ಮೊದಲು ಮಾತಾಡಬೇಕು. ಏನು ಗೊತ್ತಿಲ್ಲ ಅನ್ನುವುದನ್ನಾದರೂ ಹೇಳಬೇಕು. ಮೊದಮೊದಲು ಯಾರೂ ಎಡಗೈ ಎತ್ತಲಿಲ್ಲ. ಸುಮಿತ್ರಾ ಎತ್ತಿದಳು. ನಿಧಾನಕ್ಕೆ ಉಳಿದವರೂ ಎತ್ತತೊಡಗಿದರು. ಪಾಠ ಕುಂಟುತ್ತ ಸಾಗಿತು. ಪಠ್ಯ ಹಿಂದೆ ಬಿತ್ತು ಅಂತ ನಾಗರತ್ನ ಮೇಡಂ ಒಂದು ಸಲ ಗೊಣಗಿದರು. ಆದರೂ ಒಮ್ಮೆ ಹಿಂದಿನ ಬೆಂಚಿಗೆ ಬಂದು ಕೂತು ಪೂರ್ತಿ ಪಾಠ ಕೇಳಿ ಹೋದರು.

ಕೊನೆಯ ದಿನ ಬಂತು. ಬಿ.ಎಡ್.ನವರು ಹೋಗುವಾಗ ಮಕ್ಕಳಿಗೆ ಪೆನ್ನು, ಚಾಕಲೇಟು ಹಂಚುವುದು ವಾಡಿಕೆ. ನಾನೂ ಹಂಚಿದೆ. ಫೋಟೋ ಆಯಿತು. ಗಂಟೆ ಹೊಡೆಯಲು ಸ್ವಲ್ಪ ಹೊತ್ತಿತ್ತು. ಮಕ್ಕಳು ಚಾಕಲೇಟು ತಿನ್ನುತ್ತಿದ್ದರು. ಯಾರೂ ಅಳುತ್ತಿರಲಿಲ್ಲ. ಪ್ರತಿ ವರ್ಷ ಒಬ್ಬಳನ್ನು ಕಳಿಸಿಕೊಟ್ಟು ಅವರಿಗೆ ಅಭ್ಯಾಸ. ನನಗೇ ತಡೆಯಲಾಗದೆ ಕೇಳಿಬಿಟ್ಟೆ.

"ಪರೀಕ್ಷೆ ಪಾಸಾಗಿ, ಕೆಲಸ ಸಿಕ್ಕಿ, ನಾನು ಇದೇ ಶಾಲೆಗೆ ವಾಪಸ್ ಬರ್ತೀನಾ? ಗೊತ್ತಿದ್ದೋರು ಕೈ ಎತ್ತಿ."

ಎಲ್ಲರೂ ಕೈ ಎತ್ತಿದರು. ರಕ್ಷಿತಾ, ಪ್ರಜ್ವಲ್, ಕೊನೆಯ ಬೆಂಚಿನ ಸುಮಿತ್ರಾ, ಎಲ್ಲರೂ. ಈ ಸಲ ನನಗೆ ಗಡಿಬಿಡಿ ಆಗಲಿಲ್ಲ. ಅವರ ಕಡೆಯಿಂದ ನೋಡುವುದು ಅಷ್ಟರಲ್ಲಿ ಅಭ್ಯಾಸವಾಗಿತ್ತು. ಎತ್ತಿದ್ದೆಲ್ಲ ಎಡಗೈ.

ಅವರು ತಮಾಷೆ ಮಾಡುತ್ತಿರಲಿಲ್ಲ. ನನ್ನ ಮನಸ್ಸು ನೋಯಿಸಬೇಕೆಂದೂ ಅಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಏನು ಮಾಡಬೇಕೋ ತೋಚದೆ ನಾನೂ ನಿಧಾನವಾಗಿ ನನ್ನ ಎಡಗೈ ಎತ್ತಿದೆ. ಮಕ್ಕಳು ನಕ್ಕರು. ನಗು ನಿಂತ ಮೇಲೆ ಹಿಂದಿನಿಂದ ಸುಮಿತ್ರಾಳ ದನಿ ಬಂತು. ಹಾಜರಿ ಕರೆಯುವ ಹಾಗೆ, ಪೂರ್ತಿಯಾಗಿ, ನಿಧಾನವಾಗಿ.

"ಶ್ರೀಲತಾ ಮಿಸ್. ಎಡಗೈ ಎತ್ತಿದೋರೇ ಮೊದ್ಲು ಹೇಳ್ಬೇಕು."

ನಾನು ನಿಂತೇ ಇದ್ದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಉತ್ತರ ಬರಲಿಲ್ಲ, ಗಂಟೆ ಹೊಡೆಯಿತು.

ಈಗ ಸಾಗರದಲ್ಲಿ ಒಂದು ಕೋಣೆ ಹಿಡಿದು ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೇನೆ. ಕೆಲಸ ಸಿಗುತ್ತದೋ ಇಲ್ಲವೋ, ಸಿಕ್ಕರೆ ಯಾವ ಮೂಲೆಗೋ ಗೊತ್ತಿಲ್ಲ. ಮೊದಲು ನನಗೆ ಹೆಸರು ಕರೆಯುವವಳಾಗಬೇಕು ಅನ್ನುವ ಆಸೆ ಇತ್ತು. ಆ ಆಸೆ ಈಗಲೂ ಇದೆ. ಆದರೆ ಓದಿ ಓದಿ ತಲೆ ಕೆಟ್ಟು, ಯಾರ ಜೊತೆಗೂ ಒಂದು ಮಾತಿಲ್ಲದೆ ದಿನ ಮುಗಿದಾಗ ನೆನಪಾಗುವುದು ನಾನು ಕರೆದ ಹೆಸರುಗಳಲ್ಲ. ನನ್ನನ್ನು ಕರೆದ ಆ ದನಿ. ಅದಕ್ಕೊಂದು ಉತ್ತರ ಕೊಡುವುದು ಬಾಕಿ ಇದೆ.